ಕಪ್ಪು ವೈರಿನ ಗಂಟು

ಸ್ವಲ್ಪ ಕೂತು ಪೂರ್ತಿ ಕೇಳಿ. ಅರ್ಧಕ್ಕೇ ಎದ್ದು ಹೋಗಿ ತಂಗಿಯದೇ ತಪ್ಪು ಎಂದೋ ಅಣ್ಣನದೇ ತಪ್ಪು ಎಂದೋ ತೀರ್ಪು ಕೊಟ್ಟುಬಿಡಬೇಡಿ. ಹಾಗೆ ತೀರ್ಪು ಕೊಟ್ಟವರು ಆ ಬೀದಿಯಲ್ಲಿ ಈಗಾಗಲೇ ಬೇಕಾದಷ್ಟು ಜನ ಇದ್ದಾರೆ.

ಕಾರಿನ ಸಾಮಾನುಗಳನ್ನೇ ಮಾರುವ ಬೀದಿ ಅದು. ಒಂದು ಅಂಗಡಿಯಲ್ಲಿ ಕಿಟಕಿ ಗಾಜಿಗೆ ಕಪ್ಪು ಹಾಳೆ ಅಂಟಿಸುತ್ತಾರೆ, ಪಕ್ಕದ್ದರಲ್ಲಿ ಹಾರ್ನು, ಅದರ ಪಕ್ಕ ಟೈರು. ನಡುವಿನಲ್ಲಿ ಒಂದು ಕಾರು ಪೂರ್ತಿ ಒಳಗೆ, ಇನ್ನೊಂದು ಅರ್ಧ ಹೊರಗೆ ನಿಲ್ಲುವಷ್ಟು ಜಾಗವಿರುವುದು ಅಣ್ಣನ ಅಂಗಡಿ. ಕಾರಿಗೆ ಹಾಡಿನ ಸೆಟ್ಟು, ಬಾಗಿಲ ಸ್ಪೀಕರು, ಡಿಕ್ಕಿಯಲ್ಲಿ ಕೂತು ಎದೆ ನಡುಗಿಸುವ ಸಬ್‌ವೂಫರು, ಅದಕ್ಕೆ ಜೀವ ಕೊಡುವ ಆಂಪ್ಲಿಫೈಯರು, ಇವೇ ಅಲ್ಲಿನ ಕೆಲಸ. ಅಣ್ಣ ಸಬ್‌ವೂಫರಿಗೆ ಮರದ ಪೆಟ್ಟಿಗೆ ಮಾಡುತ್ತಾನೆ. ತಂಗಿ ವೈರಿಂಗ್ ಮಾಡುತ್ತಾಳೆ. ಇಬ್ಬರಿಗೂ ಕೆಲಸ ಕಲಿಸಿದ ಅಪ್ಪನಿಗೆ ಈಗ ಕೈ ನಡುಗುತ್ತದೆ, ಬೆಸುಗೆ ಹಾಕಲಾಗುವುದಿಲ್ಲ. ಹಿಂದಿನ ಕೋಣೆಯಲ್ಲಿ ಕೂತು ಸ್ಕ್ರೂಗಳನ್ನು ಅಳತೆ ನೋಡಿ ಡಬ್ಬಿಗಳಿಗೆ ಹಾಕುತ್ತಾನೆ.

ತಂಗಿಯನ್ನು ಇಡೀ ಬೀದಿ ಕಿಡಿ ಎಂದೇ ಕರೆಯುತ್ತದೆ. ಏಳು ವರ್ಷದವಳಿದ್ದಾಗ ಬ್ಯಾಟರಿಯ ಮೇಲೆ ಸ್ಪ್ಯಾನರ್ ಇಟ್ಟು ಕಿಡಿ ಹಾರಿಸಿದಳಂತೆ. ಅಳುತ್ತಾಳೆ ಎಂದು ಅಪ್ಪ ಓಡಿ ಬಂದರೆ ಇನ್ನೊಂದು ಸಲ ಇಟ್ಟು ನೋಡುತ್ತಿದ್ದಳಂತೆ. ಹೆಸರು ಅವತ್ತು ಬಂದದ್ದು, ಸಿಟ್ಟು ಹುಟ್ಟುವಾಗಲೇ ಇತ್ತು ಎಂದು ಅಣ್ಣ ಗಿರಾಕಿಗಳ ಮುಂದೆ ಹೇಳಿ ನಗಿಸುವುದುಂಟು. ಹನ್ನೊಂದು ವರ್ಷದಿಂದ ಆ ಅಂಗಡಿಯ ಪ್ರತಿ ಕಾರಿನ ವೈರೂ ಅವಳ ಕೈಯಿಂದಲೇ ಹೋಗಿದೆ.

ಆ ದಿನ ಮಧ್ಯಾಹ್ನ ಮೂರೂವರೆ. ಹಲ್ಲಿನ ಡಾಕ್ಟರಮ್ಮನ ಬಿಳಿ ಕಾರು ಒಳಗೆ ನಿಂತಿತ್ತು, ಡಿಕ್ಕಿ ತೆರೆದಿತ್ತು. ಹೊಸ ಸಬ್‌ವೂಫರ್, ಹೊಸ ಆಂಪ್, ಎಲ್ಲ ಕೂಡಿಸಿ ಆಗಿತ್ತು. ಡಾಕ್ಟರಮ್ಮ ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಐವತ್ತು ದಾಟಿದ ಹೆಂಗಸು. ದಿನವಿಡೀ ಡ್ರಿಲ್ಲಿನ ಕೀರಲು ಸದ್ದು ಕೇಳಿ ಕೇಳಿ ತಲೆಯೊಳಗೆ ಅದೇ ತಿರುಗುತ್ತದೆ, ಮನೆಗೆ ಹೋಗುವ ಅರ್ಧ ಗಂಟೆಯಾದರೂ ದಪ್ಪ ಸದ್ದು ಕೇಳಬೇಕು, ಅದಕ್ಕೇ ಇದು ಎಂದು ಮೊದಲ ದಿನವೇ ಹೇಳಿದ್ದರು. ಐದಕ್ಕೆ ಅವರ ಕ್ಲಿನಿಕ್ ಮತ್ತೆ ತೆರೆಯಬೇಕು.

ಕಿಡಿ ಮುಂದಿನ ಸೀಟಿನಲ್ಲಿ ಕೂತು ಹಾಡು ಹಾಕಿದಳು. ಬಾಗಿಲ ಸ್ಪೀಕರುಗಳು ಹಾಡಿದವು. ಡಿಕ್ಕಿಯಿಂದ ಏನೂ ಇಲ್ಲ. ವಾಲ್ಯೂಮ್ ಏರಿಸಿದಳು. ಬಾಗಿಲುಗಳು ಕಿರುಚಿದವು. ಡಿಕ್ಕಿ ತುಟಿ ಪಿಟಕ್ಕೆನ್ನಲಿಲ್ಲ.

ಅಣ್ಣ ಗರಗಸ ಕೆಳಗಿಟ್ಟು ಬಂದ. ಡಿಕ್ಕಿಯ ಕಡೆ ನೋಡಿದ, ತಂಗಿಯ ಕಡೆ ನೋಡಿದ.

"ಏನ್ ಮಾಡಿಟ್ಟೆ?"

"ಇನ್ನೂ ನೋಡೇ ಇಲ್ಲ, ಅಷ್ಟರಲ್ಲಿ ಮಾಡಿಟ್ಟೆ ಅಂತೀಯಲ್ಲ."

"ವೈರಿಂಗ್ ಯಾರ್ದು?"

"ನಂದು."

"ಮತ್ತೆ? ಮರ ಹಾಡಲ್ಲ ಕಣೇ, ವೈರ್ ಹಾಡ್ಬೇಕು."

ಗಿರಾಕಿ ಎದುರಿಗಿದ್ದಾರೆಂದು ಕಿಡಿ ಹಲ್ಲು ಕಚ್ಚಿಕೊಂಡಳು. ಅಣ್ಣ ಅಷ್ಟಕ್ಕೆ ಬಿಡಲಿಲ್ಲ. ತಿಂಗಳಿಂದ ಅವನ ತಲೆಯಲ್ಲಿ ಒಂದು ಹುಳ ಕೊರೆಯುತ್ತಿತ್ತು. ಎದುರಂಗಡಿಯಲ್ಲಿ ವೈರಿಂಗ್ ಮಾಡುವವನೊಬ್ಬ ಇದ್ದಾನೆ, ಮಾತಿಗೆ ಮಾತು ಕೊಡುವುದಿಲ್ಲ, ಹೇಳಿದ್ದಕ್ಕೆಲ್ಲ ಸರಿ ಎನ್ನುತ್ತಾನೆ. ಅವನನ್ನು ಈ ಕಡೆ ಎಳೆದುಕೊಂಡು ತಂಗಿಯನ್ನು ಕೌಂಟರಿನಲ್ಲಿ ಸೀಟ್ ಕವರ್ ಮಾರಲು ಕೂರಿಸಬೇಕು ಎಂಬುದು ಅವನ ಲೆಕ್ಕಾಚಾರ. ಇಷ್ಟು ದಿನ ಕಾರಣ ಸಿಕ್ಕಿರಲಿಲ್ಲ.

"ನೋಡು," ಎಂದ, ಡಾಕ್ಟರಮ್ಮನಿಗೂ ಕೇಳುವಂತೆ. "ಐದು ಗಂಟೆ ಒಳಗೆ ಇದು ಮಾತಾಡ್ಬೇಕು. ಇಲ್ಲಾಂದ್ರೆ ನಾಳೆಯಿಂದ ವೈರಿಂಗ್ ಎದುರಂಗಡಿಯವನು ಬಂದು ಮಾಡ್ತಾನೆ. ನೀನು ಕೌಂಟರ್‌ನಲ್ಲಿ ಕೂತ್ಕೊ."

"ನಾನ್ ಕೌಂಟರ್‌ನಲ್ಲಿ ಕೂತ್ರೆ ಬಂದೋರೆಲ್ಲ ವಾಪಸ್ ಹೋಗ್ತಾರೆ."

"ಅದೂ ನಿಜ," ಎಂದು ಅಣ್ಣ ನಕ್ಕ. ಆ ನಗು ಅವಳ ಮೈಯೆಲ್ಲ ಉರಿಸಿತು. ಸೀಟ್ ಕವರ್. ಹೂವಿನ ಚಿತ್ರದ್ದು ಬೇಕೋ ಗೆರೆ ಗೆರೆಯದ್ದು ಬೇಕೋ ಎಂದು ದಿನಕ್ಕೆ ನಲವತ್ತು ಸಲ ಕೇಳುತ್ತ, ಬೆನ್ನ ಹಿಂದೆ ಬೇರೆ ಯಾರೋ ತನ್ನ ಬೆಸುಗೆ ಕಡ್ಡಿ ಹಿಡಿದುಕೊಂಡಿರುವುದನ್ನು ನೋಡುತ್ತ ಕೂರಬೇಕು. ಅದಕ್ಕಿಂತ ಟೈರಂಗಡಿಯಲ್ಲಿ ಗಾಳಿ ಹೊಡೆಯುವುದು ವಾಸಿ.

ಮಲ್ಟಿಮೀಟರ್ ಕೊರಳಿಗೆ ಹಾಕಿಕೊಂಡು ಬಾನೆಟ್ ಎತ್ತಿದಳು.

ಬ್ಯಾಟರಿ ಹನ್ನೆರಡೂವರೆ ವೋಲ್ಟ್ ತೋರಿಸಿತು. ಬ್ಯಾಟರಿ ಪಕ್ಕದ ದೊಡ್ಡ ಫ್ಯೂಸ್ ತೆಗೆದು ಬೆಳಕಿಗೆ ಹಿಡಿದಳು, ತಂತಿ ಸರಿಯಾಗಿತ್ತು. ಕಣ್ಣನ್ನು ನಂಬದೆ ಮೀಟರ್ ಇಟ್ಟು ನೋಡಿದಳು, ಅದೂ ಬೀಪ್ ಎಂದಿತು. ಡಿಕ್ಕಿಗೆ ಹೋಗಿ ಆಂಪಿನ ಮೈಮೇಲಿನ ಸಣ್ಣ ಫ್ಯೂಸುಗಳನ್ನೂ ನೋಡಿದಳು. ಸರಿ. ಆಂಪಿನ ದೀಪ ಹಸಿರಾಗಿತ್ತು. ಶಾರ್ಟ್ ಆಗಿದ್ದರೆ ಕೆಂಪಗಾಗಿ ಬಾಯಿ ಮುಚ್ಚಿಕೊಳ್ಳುತ್ತಿತ್ತು, ಹಾಗೇನೂ ಇಲ್ಲ. ಅರ್ತ್ ವೈರು ಕಾರಿನ ಮೈಗೆ ಸೇರುವಲ್ಲಿ ಬಣ್ಣ ಕೆರೆದಿದ್ದೆನೋ ಇಲ್ಲವೋ ಎಂದು ತನ್ನನ್ನೇ ಅನುಮಾನಿಸಿ ಬೋಲ್ಟ್ ಬಿಚ್ಚಿ ನೋಡಿದಳು. ಕಬ್ಬಿಣ ಕನ್ನಡಿಯಂತೆ ಹೊಳೆಯುತ್ತಿತ್ತು. ಸೆಟ್ಟು ಹಚ್ಚಿದರೆ ಆಂಪನ್ನು ಎಬ್ಬಿಸುವ ಸಣ್ಣ ನೀಲಿ ವೈರೊಂದಿದೆ. ಅದರಲ್ಲೂ ಕರೆಂಟ್ ಬರುತ್ತಿತ್ತು.

"ಸಿಕ್ತಾ?" ಅಣ್ಣ ಗರಗಸದ ಹತ್ತಿರದಿಂದಲೇ ಕೂಗಿದ.

"ಸಿಕ್ಕಾಗ ಹೇಳ್ತೀನಿ."

"ಆಂಪ್ ಸುಟ್ಟಿರ್ತೀಯ. ಒಪ್ಕೊಂಡ್ಬಿಡು, ಎಲ್ಲರಿಗೂ ಟೈಮ್ ಉಳಿಯುತ್ತೆ."

"ಸುಟ್ಟಿದ್ರೆ ವಾಸನೆ ಬರುತ್ತೆ. ನಿನ್ ಮೂಗಿಗೆ ಅಂಟಿನ ವಾಸನೆ ಬಿಟ್ರೆ ಬೇರೆ ಏನ್ ಗೊತ್ತಾಗುತ್ತೆ?"

ಡಾಕ್ಟರಮ್ಮ ಪತ್ರಿಕೆ ಮಡಚಿಟ್ಟು ಇವರನ್ನೇ ನೋಡತೊಡಗಿದರು. ಪತ್ರಿಕೆಗಿಂತ ಇದು ಚೆನ್ನಾಗಿತ್ತು.

ಕಿಡಿ ಮುಂದಿನ ಸೆಟ್ಟಿನಿಂದ ಬರುವ ಸದ್ದಿನ ವೈರನ್ನು ಆಂಪಿನಿಂದ ಕಿತ್ತು, ಅಣ್ಣನ ಫೋನನ್ನು ಕೇಳದೆಯೇ ಎತ್ತಿಕೊಂಡು ಅದನ್ನೇ ನೇರ ಆಂಪಿಗೆ ಸಿಕ್ಕಿಸಿದಳು. ಸಬ್‌ವೂಫರ್ ಆಗಲೂ ಸತ್ತಂತೆ ಬಿದ್ದಿತ್ತು. ಆಮೇಲೆ ಬೆಂಚಿನ ಕೆಳಗಿದ್ದ ಹಳೆಯ, ಅಂಚು ಹರಿದ ಸ್ಪೀಕರೊಂದನ್ನು ತಂದಳು. ಪೆಟ್ಟಿಗೆಯ ವೈರು ಬಿಚ್ಚಿ ಆಂಪಿಗೆ ಈ ಹರಕು ಸ್ಪೀಕರನ್ನು ಸೇರಿಸಿದಳು.

ಗುಡುಗಿದಂತಾಯಿತು. ಬೆಂಚಿನ ಮೇಲಿನ ಸ್ಕ್ರೂಗಳು ಕುಣಿದವು. ಹಾರ್ನಿನ ಅಂಗಡಿಯವನು ತಲೆ ಹೊರಗೆ ಹಾಕಿ ನೋಡಿದ.

ಕಿಡಿ ಸದ್ದು ಇಳಿಸಿ ಎದ್ದು ನಿಂತಳು. "ಅಣ್ಣ, ಇಲ್ ಬಾ. ಬ್ಯಾಟರಿಯಿಂದ ಆಂಪ್‌ವರೆಗೂ ಎಲ್ಲಾ ಸರಿ. ಆಂಪೂ ಸರಿ. ನನ್ ವೈರಿಂಗೂ ಸರಿ. ತೊಂದ್ರೆ ಇರೋದು ನಿನ್ ಪೆಟ್ಟಿಗೆ ಒಳಗೆ."

ಅಣ್ಣನ ಮುಖ ಬಿಗಿಯಿತು. ಅವನ ಪೆಟ್ಟಿಗೆಯ ಬಗ್ಗೆ ಯಾರೂ ಮಾತಾಡಬಾರದು. ಮೂಲೆ ಮೂಲೆಗೂ ಅಂಟು ತುಂಬಿ, ಒಳಗೆ ಕಪ್ಪು ಬಟ್ಟೆ ಹಾಸಿ, ಗಾಳಿಯೂ ನುಸುಳದಂತೆ ಮಾಡಿ, ಕೊನೆಗೆ ಮಗುವಿನ ತಲೆ ಸವರುವಂತೆ ಅದನ್ನು ಸವರುತ್ತಾನೆ. ಒಳಗಿನ ವೈರು ಕೂಡ ಕಪ್ಪೇ ಇರಬೇಕು, ಕೆಂಪು ವೈರು ಕಣ್ಣಿಗೆ ಹೊಡೆಯುತ್ತದೆ ಎಂದು ಕಪ್ಪು ವೈರಿನ ಇಡೀ ಸುತ್ತನ್ನೇ ತರಿಸಿಟ್ಟಿದ್ದಾನೆ. ಒಂದು ಸಲ ಮುಚ್ಚಿದ ಮೇಲೆ ಅವನ ಪೆಟ್ಟಿಗೆಯನ್ನು ತೆರೆದವರಿಲ್ಲ.

"ಪೆಟ್ಟಿಗೆ ಮುಟ್ಬೇಡ," ಎಂದ.

"ಮುಟ್ದೆ ಹೇಗ್ ನೋಡ್ಲಿ? ಮಂತ್ರ ಹಾಕ್ಲಾ?"

"ನಿನ್ನೆ ಮೊದಲನೇ ಕಾಯಿಲ್‌ಗೆ ನೀನೇ ತಾನೇ ಬೆಸುಗೆ ಹಾಕಿದ್ದು? ಅಲ್ಲೇ ಕಡ್ಡಿ ಜಾಸ್ತಿ ಹೊತ್ತು ಇಟ್ಟು ಸುಟ್ಟಿರ್ತೀಯ."

ನಿನ್ನೆಯ ವಿಷಯ ಇಷ್ಟು. ಆ ಸಬ್‌ವೂಫರಿನಲ್ಲಿ ಒಂದಲ್ಲ, ತಂತಿ ಸುತ್ತಿದ ಎರಡು ಕಾಯಿಲ್‌ಗಳಿದ್ದವು. ಎರಡೂ ಸೇರಿ ಮುಂದಿನ ಬಟ್ಟಲಿನಂಥ ಒಂದೇ ಕೋನನ್ನು ತಳ್ಳಬೇಕು. ಅಂಥದ್ದು ಆ ಅಂಗಡಿಗೆ ಬಂದದ್ದು ಅದೇ ಮೊದಲು. ಕಿಡಿ ಮೊದಲನೆಯದಕ್ಕೆ ವೈರು ಬೆಸೆದು ಮುಗಿಸುವಷ್ಟರಲ್ಲಿ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಹೊತ್ತಾಗಿತ್ತು. ಉಳಿದ ಕಾಯಿಲನ್ನು ಅಣ್ಣನೇ ಬೆಸೆದು, ಎರಡನ್ನೂ ಒಳಗೇ ಕೂಡಿಸಿ, ಪೆಟ್ಟಿಗೆ ಮುಚ್ಚಿ ಅಂಟು ಬಳಿದಿದ್ದ. ಹೊರಗೆ ಎರಡೇ ಎರಡು ತುದಿ ಕಾಣುತ್ತಿದ್ದವು.

ಆ ಎರಡು ತುದಿಗೆ ಮೀಟರ್ ಇಟ್ಟಳು. ಎರಡು ಓಮ್‌ನ ಹತ್ತಿರ ತೋರಿಸಿತು. ಎರಡು ಕಾಯಿಲ್ ಜೋಡಿಸಿದರೆ ಎಷ್ಟಿರಬೇಕೋ ಅಷ್ಟೇ. ಕೋನಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದಳು. ಎಲ್ಲೂ ಉಜ್ಜದೆ ಮೆತ್ತಗೆ ಒಳಗೆ ಹೋಗಿ ವಾಪಸ್ಸು ಬಂತು. ಸುಟ್ಟ ಕಾಯಿಲ್ ಹೀಗೆ ಬರುವುದಿಲ್ಲ, ಗರಗರ ಎನ್ನುತ್ತದೆ.

"ಸುಟ್ಟಿಲ್ಲ. ಬೇಕಾದ್ರೆ ನೀನೇ ಒತ್ತಿ ನೋಡು."

"ಎಲ್ಲಾ ಸರಿ ಇದ್ರೆ ಮತ್ಯಾಕೆ ಹಾಡ್ತಿಲ್ಲ?"

"ಅದಕ್ಕೇ ತೆಗೀಬೇಕು ಅಂತಿರೋದು."

"ತೆಗೆದ್ರೆ ಅಂಟು ಹೋಯ್ತು. ಪೆಟ್ಟಿಗೆ ಹಾಳು. ಮೊದ್ಲು ನಿಂದು ಸರಿಯಾಗ್ ನೋಡ್ಕೋ."

"ಮೂರು ಸಲ ನೋಡಿದೀನಿ."

ಡಾಕ್ಟರಮ್ಮ ಕುರ್ಚಿಯಿಂದಲೇ ಮಾತು ಸೇರಿಸಿದರು. "ನನ್ ಹತ್ರ ಬರೋರೂ ಹೀಗೇ ಕಣ್ರಪ್ಪ. ನೋವಿರೋದು ಒಂದು ಹಲ್ಲಲ್ಲಿ, ತೋರ್ಸೋದು ಪಕ್ಕದ್ದು. ಪಕ್ಕದ್ದು ಕಿತ್ರೂ ನೋವು ಹೋಗಲ್ಲ. ತೆಗೆದು ನೋಡ್ಲಿ ಬಿಡಿ."

ಗಿರಾಕಿಯೇ ಹೇಳಿದ ಮೇಲೆ ಅಣ್ಣ ಒಪ್ಪಲೇಬೇಕಾಯಿತು. ಮರದ ಹುಡಿಯನ್ನು ಅಂಗಿಯಿಂದ ಕೊಡವಿಕೊಳ್ಳುತ್ತ, "ತೆಗಿ. ಒಳಗೆ ಸರಿ ಇದ್ರೆ ನಾಳೆ ಅಲ್ಲ, ಇವತ್ತೇ ಕೌಂಟರ್," ಎಂದ.

ಎಂಟು ಸ್ಕ್ರೂ. ಒಂದೊಂದನ್ನೂ ತಿರುಗಿಸುವಾಗ ಅಣ್ಣನ ಕುತ್ತಿಗೆಯನ್ನೇ ತಿರುಗಿಸುತ್ತಿದ್ದೇನೆ ಅನ್ನಿಸುತ್ತಿತ್ತು ಕಿಡಿಗೆ. ಅಂಟು ಚಟಚಟ ಎಂದು ಬಿಟ್ಟುಕೊಂಡಿತು. ಅಣ್ಣ ಆ ಸದ್ದಿಗೆ ಮುಖ ಆ ಕಡೆ ತಿರುಗಿಸಿದ. ಸ್ಪೀಕರನ್ನು ಎತ್ತಿ ಮಗುಚಿ ಬೆಂಚಿನ ಮೇಲಿಟ್ಟು ದೀಪ ಹತ್ತಿರ ಎಳೆದಳು.

ನಾಲ್ಕು ವೈರು, ನಾಲ್ಕೂ ಕಪ್ಪು. ಬಣ್ಣ ನೋಡಿ ಯಾವುದು ಪ್ಲಸ್ ಯಾವುದು ಮೈನಸ್ ಎಂದು ಹೇಳಲಾಗದ್ದಕ್ಕೆ ಆ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ರೂಢಿ ಇದೆ. ಎರಡರಲ್ಲಿ ಒಂದು ವೈರಿಗೆ ಸಣ್ಣ ಗಂಟು ಹಾಕುತ್ತಾರೆ. ಆಮೇಲೆ ಕತ್ತಲಲ್ಲಿ ಬೆರಳಿನಿಂದಲೇ ತಿಳಿಯುತ್ತದೆ. ಇಲ್ಲೂ ಎರಡು ಗಂಟುಗಳಿದ್ದವು. ಗಂಟಿಗೆ ಗಂಟು ಸೇರಿಸಿ, ಗಂಟಿಲ್ಲದ್ದಕ್ಕೆ ಗಂಟಿಲ್ಲದ್ದನ್ನು ಸೇರಿಸಿ ಅಣ್ಣ ಚೊಕ್ಕವಾಗಿ ಟೇಪು ಸುತ್ತಿದ್ದ.

ಕಿಡಿ ಗಂಟಿನ ವೈರುಗಳನ್ನು ಬೆರಳಲ್ಲಿ ಹಿಡಿದು ಅವು ಹೋಗುವ ದಾರಿ ನೋಡಿದಳು. ತಾನು ಬೆಸೆದ ಕಾಯಿಲ್‌ನಲ್ಲಿ ಗಂಟಿನ ವೈರು ಪ್ಲಸ್‌ಗೆ ಹೋಗಿತ್ತು. ಅಣ್ಣ ಬೆಸೆದ ಕಾಯಿಲ್‌ನಲ್ಲಿ ಅದು ಮೈನಸ್‌ಗೆ ಹೋಗಿತ್ತು.

ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು.

"ಡಾಕ್ಟ್ರೇ, ಇಲ್ ಬನ್ನಿ. ಅಣ್ಣ, ನೀನೂ ಬಾ."

ಟೇಪು ಬಿಚ್ಚಿ ಎರಡು ಜೊತೆ ವೈರುಗಳನ್ನು ಬೇರೆ ಮಾಡಿದಳು. ಟಾರ್ಚಿನಿಂದ ಒಂದು ಸೆಲ್ ತೆಗೆದು, ಅದರ ಪ್ಲಸ್ಸನ್ನು ತನ್ನ ಗಂಟಿಗೆ, ಮೈನಸ್ಸನ್ನು ಜೊತೆಯ ವೈರಿಗೆ ತಾಗಿಸಿದಳು. ಪಟ್ ಎಂದು ಕೋನು ಹೊರಕ್ಕೆ ಉಬ್ಬಿತು. ಅದೇ ಸೆಲ್ಲನ್ನು ಹಾಗೆಯೇ ಅಣ್ಣನ ಗಂಟಿಗೆ ತಾಗಿಸಿದಳು. ಪಟ್ ಎಂದು ಕೋನು ಒಳಕ್ಕೆ ಕುಗ್ಗಿತು.

"ಒಂದು ಕಾಯಿಲ್ ಹೊರಗೆ ತಳ್ತಿದೆ, ಇನ್ನೊಂದು ಅಷ್ಟೇ ಜೋರಾಗಿ ಒಳಗೆ ಎಳೀತಿದೆ. ಎರಡೂ ಹಠ ಮಾಡ್ಕೊಂಡು ನಿಂತಿವೆ, ಕೋನು ಅಲ್ಲಾಡಲ್ಲ. ಮೀಟರ್‌ಗೂ ಇದು ಗೊತ್ತಾಗಲ್ಲ. ಕಾಯಿಲ್ ಸರಿ, ವೈರ್ ಸರಿ, ಆಂಪ್ ಸರಿ. ಸದ್ದು ಮಾತ್ರ ಇಲ್ಲ."

"ನಿಮ್ಮಿಬ್ಬರ ಥರಾನೇ," ಎಂದರು ಡಾಕ್ಟರಮ್ಮ.

ಅಣ್ಣ ವೈರುಗಳನ್ನು ನೋಡಿದ. ಅವನು ದಡ್ಡನಲ್ಲ, ಅವನಿಗೂ ಅರ್ಥವಾಯಿತು. "ಹಾಗಾದ್ರೆ ನಿನ್ ಗಂಟು ಉಲ್ಟಾ," ಎಂದ.

"ನಂದಾ? ನಿಂದು ಉಲ್ಟಾ. ಗಂಟು ಪ್ಲಸ್‌ಗೆ."

"ಗಂಟು ಯಾವತ್ತೂ ಮೈನಸ್‌ಗೆ. ಅಪ್ಪ ನಂಗೆ ಹೇಳ್ಕೊಟ್ಟಿದ್ದೇ ಹಾಗೆ."

"ಅಪ್ಪ ನಂಗೆ ಪ್ಲಸ್ ಅಂತ ಹೇಳ್ಕೊಟ್ಟಿದ್ದು."

"ಇಬ್ಬರಿಗೂ ಇರೋದು ಒಬ್ನೇ ಅಪ್ಪ ಕಣೇ."

"ಅದೇ ಅಪ್ಪ. ಕೈ ಹಿಡಿದು ಗಂಟು ಹಾಕ್ಸಿದ್ದು. ಹನ್ನೊಂದು ವರ್ಷದಿಂದ ಹಾಕ್ತಿದೀನಿ, ಪಕ್ಕದಲ್ಲೇ ಕೂತು ನೋಡಿದಾನೆ."

ಒಬ್ಬರೇ ಕಟ್ಟಿದರೆ ಗಂಟು ಎಲ್ಲಿದ್ದರೂ ನಡೆದುಹೋಗುತ್ತದೆ. ವೈರಿಂಗೆಲ್ಲ ಕಿಡಿಯೊಬ್ಬಳದೇ ಆಗಿದ್ದರಿಂದ ಇಷ್ಟು ವರ್ಷ ಯಾರಿಗೂ ಗೊತ್ತೇ ಆಗಿರಲಿಲ್ಲ. ಇಬ್ಬರ ಕೈಯೂ ಒಂದೇ ಸ್ಪೀಕರಿನ ಮೇಲೆ ಬಿದ್ದದ್ದು ನಿನ್ನೆ ಮಾತ್ರ.

ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು. "ಅಪ್ಪ ಒಳಗೇ ಇದ್ದಾರಲ್ಲ, ಕೇಳಿಬಿಡಿ," ಎಂದರು ಡಾಕ್ಟರಮ್ಮ.

ಅಪ್ಪನನ್ನು ಕರೆಯಬೇಕಾಗಿರಲಿಲ್ಲ. ಗಲಾಟೆ ಕೇಳಿ ಆಗಲೇ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದ. ಅಣ್ಣ ಕೇಳಿದ, "ಅಪ್ಪ, ಗಂಟು ಯಾವುದಕ್ಕೆ? ಪ್ಲಸ್‌ಗೋ ಮೈನಸ್‌ಗೋ?"

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಮಗನ ಕಡೆ ನೋಡಿದ. ಮಗಳ ಕಡೆ ನೋಡಲಿಲ್ಲ.

"ಮೈನಸ್‌ಗೆ," ಎಂದ. "ನಾನು ಯಾವತ್ತೂ ಹೇಳೋದು ಮೈನಸ್ ಅಂತಾನೇ. ಪುಟ್ಟಿ ಮರ್ತಿರ್ಬೇಕು."

ಹೇಳಿ ಒಳಗೆ ಹೋದ.

ಕಿಡಿಗೆ ಒಂದು ಕ್ಷಣ ಕಿವಿಯೇ ಕಟ್ಟಿದಂತಾಯಿತು. ಅಣ್ಣ ಏನೋ ಹೇಳುತ್ತಿದ್ದ. ಇಷ್ಟು ದಿನ ತಪ್ಪೇ ಕಲಿತಿದ್ದೀಯ, ಅದೃಷ್ಟ ಚೆನ್ನಾಗಿತ್ತು ಅಷ್ಟೇ, ಈಗಲಾದರೂ ತಿಳಿಯಿತಲ್ಲ, ಹೀಗೇ ಏನೋ. ಮಾತು ಮುಗಿಸಿ ಫೋನ್ ಹುಡುಕಿದ. ಫೋನು ಡಿಕ್ಕಿಯಲ್ಲೇ ಇತ್ತು. ಎತ್ತಿಕೊಂಡು, ಎದುರಂಗಡಿಯ ವೈರಿಂಗ್‌ನವನ ನಂಬರು ಒತ್ತುತ್ತ ಬೀದಿಯ ಕಡೆ ನಡೆದ.

ಅವಳು ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಅಪ್ಪ ಸ್ಟೂಲಿನ ಮೇಲೆ ಕೂತಿದ್ದ. ಮುಂದೆ ಡಬ್ಬಿಗಳ ಸಾಲು. ಕೈ ನಡುಗುತ್ತಿದ್ದರೂ ಉದ್ದದ ಸ್ಕ್ರೂ ಒಂದು ಕಡೆ, ಗಿಡ್ಡದ್ದು ಒಂದು ಕಡೆ ಹಾಕುತ್ತಲೇ ಇದ್ದ.

"ಸುಳ್ಳು ಹೇಳ್ದೆ," ಎಂದಳು.

"ಮೆಲ್ಲಗೆ ಮಾತಾಡು."

"ನನ್ ಬೆರಳು ಹಿಡ್ಕೊಂಡು, ಗಂಟಿರೋ ಕಡೆಯಿಂದ ಕರೆಂಟ್ ಬರುತ್ತೆ ಪುಟ್ಟಿ ಅಂತ ಹೇಳಿದ್ದು ಯಾರು? ಪಕ್ಕದ್ಮನೆಯವ್ರಾ?"

ಅಪ್ಪ ಸ್ಕ್ರೂ ಹಾಕುವುದನ್ನು ನಿಲ್ಲಿಸಿದ. ಆಮೇಲೆ ಡಬ್ಬಿಗೆ ಹೇಳುವಂತೆ ಹೇಳಿದ.

"ಅವನಿಗೆ ಕಲಿಸ್ದಾಗ ಮೈನಸ್ ಅಂತಾನೇ ಇತ್ತು. ನಮ್ ಗುರು ನಂಗೆ ಹಾಗೇ ಹೇಳ್ಕೊಟ್ಟಿದ್ರು. ಆದ್ರೆ ಬೀದೀಲಿ ಉಳಿದೋರೆಲ್ಲ ಗಂಟು ಅಂದ್ರೆ ಪ್ಲಸ್ ಅಂತಿದ್ರು. ನಾನೇ ಸರಿ ಅಂತ ಹಠ ಹಿಡಿದೆ. ಒಂದಿನ ನಾನ್ ಕಟ್ಟಿದ ಕಾರು ಬೇರೆ ಅಂಗಡಿಗೆ ಹೋಯ್ತು. ಅಲ್ಲಿಯೋರು ಗಂಟನ್ನ ಪ್ಲಸ್ ಅಂದ್ಕೊಂಡು ಬ್ಯಾಟರಿ ಕೊಟ್ರು. ಸೆಟ್ ಪೂರ್ತಿ ಸುಟ್ಟೋಯ್ತು. ಆಗ ನಿಮ್ಮಣ್ಣ ಬಡಗಿ ಕೆಲಸ ಕಲಿಯೋಕೆ ಅಂತ ಎರಡು ವರ್ಷ ಹೊರಗಿದ್ದ. ನಾನು ಬದಲಾಯಿಸ್ಕೊಂಡೆ. ನಿಂಗೆ ಸರಿಯಾದ್ದೇ ಹೇಳ್ಕೊಟ್ಟೆ."

"ಅವನು ವಾಪಸ್ ಬಂದ್ಮೇಲೆ?"

"ಅವನು ಮರ ಹಿಡ್ಕೊಂಡ. ವೈರ್ ಮುಟ್ಟಲ್ವಲ್ಲ, ಯಾಕೆ ಹೇಳೋದು ಅಂದ್ಕೊಂಡೆ."

"ಇವತ್ ಹೇಳ್ಬೋದಿತ್ತಲ್ಲ. ಈಗ ತಾನೇ ಬಾಯಿಬಿಟ್ಟು ಕೇಳಿದ್ನಲ್ಲ."

"ಅವನ ಮುಂದೆ, ಆ ಯಮ್ಮನ ಮುಂದೆ, ನಾನ್ ಕಲಿಸಿದ್ದೇ ತಪ್ಪು ಅಂತ ಹೇಳ್ಲಾ?" ಅಪ್ಪ ಮೊದಲ ಸಲ ತಲೆಯೆತ್ತಿದ. "ಈಗ ಅವನು ನನ್ನನ್ನ ಹೇಗ್ ನೋಡ್ತಾನೆ ಅಂತ ನಿಂಗೆ ಗೊತ್ತಲ್ಲ. ಸ್ಕ್ರೂ ಆರಿಸೋ ಮುದ್ಕ. ಉಳಿದಿರೋದು ಒಂದೇ, ಕೆಲಸ ಕಲಿಸಿದೋನು ಅನ್ನೋದು. ಅದೂ ಹೋಗ್ಬೇಕಾ?"

"ನಂದ್ ಹೋದ್ರೆ ಪರ್ವಾಗಿಲ್ವಾ?"

"ನೀನು ಚಿಕ್ಕೋಳು. ಮತ್ತೆ ಸಂಪಾದ್ನೆ ಮಾಡ್ಕೋತೀಯ."

ಅಪ್ಪನ ಮೇಲೆ ಅವಳಿಗೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಅಣ್ಣನ ಮೇಲಿನದು ದಿನಾ ಬಂದು ಹೋಗುವ ಸಿಟ್ಟು. ಇದು ಹಾಗಲ್ಲ.

"ನಾನೇ ಹೋಗಿ ಹೇಳಲ್ಲ," ಎಂದಳು. "ನೀನೇ ಹೇಳ್ಬೇಕು. ಈಗ ವೈರ್ ಸರಿ ಮಾಡ್ತೀನಿ, ಆಮೇಲೆ ಎಂಟು ಸ್ಕ್ರೂ ಹಾಕ್ಬೇಕು. ಅಷ್ಟರೊಳಗೆ ಬಾ. ಡಾಕ್ಟರಮ್ಮ ಹೋಗೋ ಮೊದ್ಲು. ಅಣ್ಣನ ಹತ್ರ ಒಂದೇ ಮಾತು, ಪುಟ್ಟಿ ಹೇಳಿದ್ದೇ ಸರಿ ಅಂತ. ಸಾಕು."

ಅಪ್ಪ ಮತ್ತೆ ಒಂದು ಸ್ಕ್ರೂ ಎತ್ತಿಕೊಂಡ.

ಬೆಂಚಿಗೆ ಬಂದು ಅಣ್ಣ ಹಾಕಿದ್ದ ಬೆಸುಗೆ ಕರಗಿಸಿ ಎರಡು ವೈರು ಅದಲುಬದಲು ಮಾಡಿದಳು. ನಾಲ್ಕು ನಿಮಿಷದ ಕೆಲಸ. ಸೆಲ್ ತಾಗಿಸಿ ನೋಡಿದಳು. ಎರಡು ಕಾಯಿಲ್‌ಗೂ ಕೋನು ಹೊರಕ್ಕೇ ಬಂತು. ಗಂಟಿಗೆ ಗಂಟು ಸೇರಿಸಿ ಟೇಪು ಸುತ್ತಿ, ಸ್ಪೀಕರನ್ನು ಪೆಟ್ಟಿಗೆಗೆ ಇಳಿಸಿದಳು.

ಮೊದಲನೇ ಸ್ಕ್ರೂ ಹಾಕಿದಳು. ಹಿಂದಿನ ಕೋಣೆಯಲ್ಲಿ ಡಬ್ಬಿಗೆ ಸ್ಕ್ರೂ ಬೀಳುವ ಟಣ್ ಸದ್ದು ಕೇಳಿಸಿತು. ಎರಡನೆಯದು. ಟಣ್. ಎದುರುಬದುರಾಗಿ ಹಾಕಬೇಕು, ಇಲ್ಲದಿದ್ದರೆ ಅಂಚು ಓರೆಯಾಗುತ್ತದೆ, ಅದನ್ನು ಕಲಿಸಿದ್ದೂ ಅಪ್ಪನೇ. ಮೂರು, ನಾಲ್ಕು. ಬೀದಿಯಲ್ಲಿ ಅಣ್ಣ ಫೋನಿನಲ್ಲಿ, "ನಾಳೆ ಬೆಳಗ್ಗೆ ಒಂಬತ್ತಕ್ಕೆ ಬಂದ್ಬಿಡು," ಎನ್ನುತ್ತಿದ್ದ. ಐದನೆಯದನ್ನು ಬೇಕೆಂದೇ ನಿಧಾನ ಮಾಡಿದಳು. ಕೋಣೆಯ ಸದ್ದು ನಿಂತಿತು. ಎದ್ದ ಅಂದುಕೊಂಡಳು. ಸ್ಟೂಲು ಕಿರ್ ಎಂದಿತು. ಆರು. ಬಾಗಿಲು ತೆರೆಯಿತು, ಅಪ್ಪ ಹೊಸ್ತಿಲಲ್ಲಿ ನಿಂತ. ಕೈಯಲ್ಲಿ ಒಂದು ಡಬ್ಬಿ ಇತ್ತು. ಏಳನೇ ಸ್ಕ್ರೂವನ್ನು ಎರಡು ಸಲ ಬಿಚ್ಚಿ ಹಾಕಿದಳು. ಅಣ್ಣ ಫೋನು ಜೇಬಿಗಿಟ್ಟು ಒಳಗೆ ಬಂದ. ಅಪ್ಪ ಅವನನ್ನು ನೋಡಿದ, ಬಾಯಿ ತೆರೆದ.

"ಏನಪ್ಪ?" ಎಂದ ಅಣ್ಣ.

"ಅರ್ಧ ಇಂಚಿನ ಸ್ಕ್ರೂ ಖಾಲಿ ಆಗ್ತಾ ಬಂತು," ಎಂದ ಅಪ್ಪ.

ಕಿಡಿ ಎಂಟನೇ ಸ್ಕ್ರೂ ತಿರುಗಿಸಿದಳು. ಎಷ್ಟು ಬಿಗಿ ಮಾಡಿದಳೆಂದರೆ ಅದರ ತಲೆಯ ಗೆರೆಯೇ ಕಿತ್ತುಹೋಯಿತು. ಇನ್ನು ಅದನ್ನು ಯಾರೂ ಬಿಚ್ಚಲಾರರು.

ಹಾಡು ಹಾಕಿದಾಗ ಕಾರಿನ ನಂಬರ್ ಪ್ಲೇಟು ಗಡಗಡ ಎಂದಿತು. ಡಾಕ್ಟರಮ್ಮ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತರು. ಅರ್ಧ ಹಾಡು ಮುಗಿದ ಮೇಲೆ, "ಹೋಯ್ತು," ಎಂದರು.

"ಏನ್ ಹೋಯ್ತು ಡಾಕ್ಟ್ರೇ?" ಅಣ್ಣ ಗಾಬರಿಯಿಂದ ಕೇಳಿದ.

"ಡ್ರಿಲ್ ಸದ್ದು. ತಲೆಯಿಂದ ಹೋಯ್ತು." ಕಣ್ಣು ತೆರೆದು ಕಿಡಿಯ ಕಡೆ ತಿರುಗಿದರು. "ಕೊನೆಗೆ ತಪ್ಪು ಯಾರದ್ದು ಅಂತ ತೀರ್ಮಾನ ಆಯ್ತು?"

ಅಣ್ಣನೇ ಉತ್ತರ ಕೊಟ್ಟ. "ತಂಗಿದು, ಸಣ್ ಕೈತಪ್ಪು. ನಾಳೆಯಿಂದ ವೈರಿಂಗ್‌ಗೆ ಬೇರೆಯವ್ರು ಬರ್ತಾರೆ, ಇನ್ನೇನೂ ತೊಂದ್ರೆ ಆಗಲ್ಲ."

ಡಾಕ್ಟರಮ್ಮ ಕಿಡಿಯನ್ನೇ ನೋಡುತ್ತಿದ್ದರು. ಅವಳು ಹೊಸ್ತಿಲ ಕಡೆ ನೋಡುತ್ತಿದ್ದಳು. ಒಂದೇ ಒಂದು ವಾಕ್ಯ ಸಾಕಿತ್ತು. ಅಪ್ಪ ಈಗಷ್ಟೇ ಒಪ್ಪಿಕೊಂಡ, ಕೇಳಿ ನೋಡಿ ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಅಪ್ಪ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಆದರೂ ಒಳಗಿನ ಸ್ಕ್ರೂಗಳು ಸದ್ದು ಮಾಡುತ್ತಿದ್ದವು.

ಅವಳು ಏನೂ ಹೇಳಲಿಲ್ಲ. ಕೊರಳಿನ ಮೀಟರನ್ನು ಅಂಗಿಯೊಳಗೆ ಹಾಕಿಕೊಂಡಳು, ತನ್ನ ಬೆಸುಗೆ ಕಡ್ಡಿ ತಣ್ಣಗಾಗುವವರೆಗೆ ಕಾದು ಎತ್ತಿಕೊಂಡಳು, ಬೀದಿ ದಾಟಿದಳು.

ಎದುರಂಗಡಿಯ ಯಜಮಾನ ಬಾಗಿಲಲ್ಲೇ ನಿಂತಿದ್ದ. ಅವನ ಮುಖವೂ ಸರಿ ಇರಲಿಲ್ಲ.

"ಏನಮ್ಮ ಕಿಡಿ, ನಮ್ಮ ಹುಡುಗನನ್ನ ನಿಮ್ಮಣ್ಣ ಹೊಡ್ಕೊಂಡ. ಸಮಾಧಾನ ಹೇಳೋಕ್ ಬಂದ್ಯಾ?"

"ಇಲ್ಲ. ಅವನ ಸ್ಟೂಲ್ ಖಾಲಿ ಆಯ್ತಲ್ಲ, ಅದಕ್ ಬಂದೆ."

ಯಜಮಾನ ಅವಳ ಕೈಯಲ್ಲಿದ್ದ ಕಡ್ಡಿ ನೋಡಿದ. "ಜಗಳಾನಾ? ಏನಂತೆ?"

"ಅಲ್ಲಿ ಜಾಗ ಕಮ್ಮಿ."

"ಹನ್ನೊಂದು ವರ್ಷ ಸಾಕಾಗಿತ್ತಲ್ಲ?"

"ಬೇಕಾ ಬೇಡ್ವಾ ಹೇಳಿ. ಟೈರಂಗಡೀಲೂ ಕೇಳ್ಬೇಕು."

"ನಾಳೆ ಒಂಬತ್ತಕ್ಕೆ ಬಾ," ಎಂದ ಯಜಮಾನ. ಅವನಿಗೆ ಈಗ ನಗು ಬಂದಿತ್ತು.

ಆಗಿ ಹದಿನೈದು ದಿನವಾಯಿತು. ಒಂದೇ ಮನೆ, ಒಂದೇ ಊಟದ ಮೇಜು. ಅಣ್ಣ ಅವಳ ಜೊತೆ ಮಾತಾಡುವುದಿಲ್ಲ. ಉಪ್ಪು ಬೇಕಾದರೂ ಅಪ್ಪನ ಮೂಲಕ ಕೇಳುತ್ತಾನೆ. ಮನೆಯ ಹುಡುಗಿಯೇ ಎದುರಾಳಿ ಅಂಗಡಿಗೆ ಹೋಗಿ ಕೂತಳು, ಒಂದು ಸಣ್ಣ ತಪ್ಪನ್ನು ಒಪ್ಪಿಕೊಳ್ಳಲಾಗದೆ ಅಪ್ಪ, ಅಣ್ಣ ಇಬ್ಬರ ಮಾನ ಕಳೆದಳು ಎಂದು ಬೀದಿಯಲ್ಲಿ ಮಾತು. ಹಾರ್ನಿನವನಂತೂ ಅವಳ ಮುಖದ ಮುಂದೆಯೇ ಹೇಳಿದ. ಅವಳು ಅವನಿಗೂ ಏನೂ ಹೇಳಲಿಲ್ಲ.

ಮೊನ್ನೆ ಅಪ್ಪ ಬೀದಿ ದಾಟಿ ಬಂದ. ಎರಡು ಬೈಕು, ಒಂದು ವ್ಯಾನು ಬ್ರೇಕ್ ಹಾಕಿ ನಿಲ್ಲುವಂತೆ ನಡುವಿನಲ್ಲೇ ನಡೆದು ಬಂದು ಅವಳ ಬೆಂಚಿನ ಮುಂದೆ ನಿಂತ.

"ಬಾ ಪುಟ್ಟಿ. ಸಾಕು ಸಿಟ್ಟು."

"ಹೇಳಿದ್ಯಾ ಅವನಿಗೆ?"

"ಹೇಳ್ತೀನಿ."

"ಹೇಳಿದ್ಮೇಲೆ ಬರ್ತೀನಿ."

"ಹೊಸಬ ಇದಾನಲ್ಲ, ಅವನೂ ಗಂಟು ಪ್ಲಸ್‌ಗೇ ಹಾಕ್ತಾನೆ. ನಿಮ್ಮಣ್ಣ ದಿನಾ ಅವನಿಗೆ ಬೈತಾನೆ, ಅಪ್ಪ ಹೇಳ್ಕೊಟ್ಟಿದ್ದು ಹೀಗಲ್ಲ ಅಂತ." ಅಪ್ಪ ಬೆಂಚಿನ ಅಂಚು ಹಿಡಿದುಕೊಂಡ. "ಆ ಹೊಸಬನಿಗೂ ಬೇಜಾರಾಗಿದೆ, ಬಿಟ್ಟು ಹೋಗೋ ಥರ ಇದಾನೆ. ನೀನ್ ಬಂದ್ರೆ ಎಲ್ಲಾ ಸರಿ ಹೋಗುತ್ತೆ."

ಕಿಡಿ ಬೆಸುಗೆ ಕಡ್ಡಿಯನ್ನು ಕೆಳಗಿಡಲಿಲ್ಲ. "ನೀನ್ ಒಂದ್ ಮಾತು ಹೇಳಿದ್ರೂ ಎಲ್ಲಾ ಸರಿ ಹೋಗುತ್ತೆ, ಅಪ್ಪ."

ಅಪ್ಪ ಬೆಂಚಿನ ಅಂಚಿನಿಂದ ಕೈ ತೆಗೆದ. ಆಮೇಲೆ ಬಂದ ದಾರಿಯಲ್ಲೇ ತಿರುಗಿದ. ಅವನು ದಾಟಿ ಮುಗಿಸುವವರೆಗೆ ಅವಳು ಎದ್ದು ನಿಂತು ನೋಡಿದಳು, ಬರುತ್ತಿದ್ದ ಇನ್ನೊಂದು ವ್ಯಾನಿನವನಿಗೆ ನಿಲ್ಲು ಎಂದು ಕೈ ಮಾಡಿದಳು, ಆಮೇಲೆ ಕೂತು ಅರ್ಧಕ್ಕೆ ಬಿಟ್ಟಿದ್ದ ವೈರನ್ನು ಎತ್ತಿಕೊಂಡಳು. ಕರೆಯಲಿಲ್ಲ.

ಅಪ್ಪನ ಮುಖ ಉಳಿಸಲು ಬಾಯಿ ಮುಚ್ಚಿಕೊಂಡದ್ದು ಸರಿಯೋ, ಬಾಯಿ ಮುಚ್ಚಿಕೊಂಡ ಮೇಲೆ ಕೌಂಟರಿಗೂ ಹೋಗದೆ ಬೀದಿ ದಾಟಿದ್ದು ಸರಿಯೋ, ಅವಳಿಗೇ ಇನ್ನೂ ಸರಿಯಾಗಿ ಗೊತ್ತಿಲ್ಲ. ಸಿಟ್ಟು ಮಾತ್ರ ಇಳಿದಿಲ್ಲ. ಪೂರ್ತಿ ಕೇಳಿದಿರಲ್ಲ, ಈಗ ಹೇಳಿ. ಆ ಎಂಟನೇ ಸ್ಕ್ರೂ ಮುಗಿದು, ಅಪ್ಪ ಹೊಸ್ತಿಲಲ್ಲಿ ಹಾಗೆ ನಿಂತಿದ್ದಾಗ, ಅವಳ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?